ಒಂದು ಮೋಟಾರು ಸೈಕಲ್ಲಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ನಾವು ಸಾಮಾನ್ಯವಾಗಿ ದೇವಾಲಯಗಳಿಗೂ ಕೆರೆಕಟ್ಟೆಗಳಿಗೂ ಉಪಯೋಗಿಸುತ್ತೇವೆ. ಅದನ್ನು ಒಂದು ಮೋಟಾರು ಸೈಕಲ್ಲಿಗೆ ಅನ್ವಯಿಸಿದರೆ ಕೆಲವರಿಗೆ ನಗು ಬರಬಹುದು. ಆದರೆ ಹಳೆಯ ಗುಡಿಯನ್ನು ಎತ್ತಿ ನಿಲ್ಲಿಸಹೊರಟವನು ಗೋಪುರಕ್ಕೆ ಬಣ್ಣ ಬಳಿಯುವುದಕ್ಕೆ ಮುಂಚೆ ತಳಪಾಯವನ್ನು ಅಗೆದು ನೋಡಬೇಕಷ್ಟೆ. ಯಂತ್ರದ ವಿಷಯದಲ್ಲಿಯೂ ಕ್ರಮವು ಅದೇ. ನಾನು ಈ ಕ್ರಮವನ್ನು ತಲೆಕೆಳಗು ಮಾಡಿ ಪೆಟ್ಟು ತಿಂದವನು. ಕಾಲೇಜಿನಲ್ಲಿ ಚರಿತ್ರೆಯನ್ನು ಬೋಧಿಸುವ ನನಗೆ ಯಂತ್ರಶಾಸ್ತ್ರವನ್ನು ಕುರಿತು ಮಾತನಾಡುವ ಅಧಿಕಾರವೇನಾದರೂ ಇದ್ದರೆ ಅದು ಆ ಪೆಟ್ಟಿನಿಂದ ಬಂದದ್ದು.

ಈ ಯಂತ್ರವು ೧೯೬೬ರಲ್ಲಿ ಮೈಸೂರಿನಲ್ಲಿಯೇ ತಯಾರಾದ ಒಂದು ಜಾವಾ. ನನ್ನ ತಂದೆಯವರು ಉಪಾಧ್ಯಾಯ ವೃತ್ತಿಗೆ ಸೇರಿದ ಎರಡನೆಯ ವರ್ಷದಲ್ಲಿ, ಮನೆಯವರೆಲ್ಲರ ಅಸಮ್ಮತಿಯ ನಡುವೆ, ಸಾಲಮಾಡಿ ಕೊಂಡದ್ದು. ೧೯೯೩ರವರೆಗೆ ಅದನ್ನು ನಡೆಸಿ, ಅನಂತರ ಹಿತ್ತಲಿನ ಸೌದೆಯ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಅದು ಅಲ್ಲಿ ಇಪ್ಪತ್ತಾರು ಮಳೆಗಾಲಗಳನ್ನು ಕಳೆಯಿತು. ಮಾರಿಬಿಡಿರೆಂದು ಹೇಳಿದವರಿಗೆಲ್ಲ ಅವರು ಕೊಡುತ್ತಿದ್ದ ಉತ್ತರ ಒಂದೇ: “ಅದು ಕೆಟ್ಟಿಲ್ಲ, ನಿಂತಿದೆ.”

ಜಾವಾ ಎಂಬುದು ಪೂರ್ವಸಮುದ್ರದ ದ್ವೀಪದ ಹೆಸರೆಂದು ಬಹುಮಂದಿ ತಿಳಿದಿರುವುದುಂಟು. ಹಾಗಲ್ಲ. ಚೆಕ್ ಜನರ ರಾಜಧಾನಿಯಾದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯು ೧೯೨೯ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ಲಿನ ತಯಾರಿಕೆಯ ಹಕ್ಕನ್ನು ಕೊಂಡು ಕೆಲಸ ಆರಂಭಿಸಿದನು. ತನ್ನ ಹೆಸರಿನ ಮೊದಲನ್ನೂ ವಾಂಡರರ್ ಎಂಬುದರ ಮೊದಲನ್ನೂ ಕೂಡಿಸಿ ಆತನು ಈ ಹೆಸರನ್ನು ಕಟ್ಟಿದನು. ಚೆಕ್ಕರು ಅದನ್ನು ‘ಯಾವಾ’ ಎಂದೇ ಉಚ್ಚರಿಸುತ್ತಾರೆ. ೧೯೬೦ರ ದಶಕದ ಮೊದಲಿನಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಸಂಸ್ಥೆಯವರು ಚೆಕ್ ಪರವಾನಗಿಯ ಮೇಲೆ ಇವುಗಳನ್ನು ತಯಾರಿಸತೊಡಗಿದರು. ೧೯೭೩ರ ಸುಮಾರಿನಿಂದ ಇವಕ್ಕೆ ಯೆಜ್ಡಿ ಎಂಬ ಹೆಸರಾಯಿತು. ೧೯೯೬ರಲ್ಲಿ ಕಾರ್ಖಾನೆ ನಿಂತಿತು. ೨೦೧೮ರಲ್ಲಿ ಜಾವಾ ಎಂಬ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿತಾದರೂ, ಹೊಸದರ ಎಂಜಿನು ಬೇರೆಯ ಜಾತಿಯದು; ಅದರ ಒಂದು ತಿರುಪೂ ನಮ್ಮ ಹಳೆಯದಕ್ಕೆ ಒದಗುವುದಿಲ್ಲ. ಆದುದರಿಂದ ಹಳೆಯದನ್ನು ಉಳಿಸಿಕೊಳ್ಳಬಯಸುವವನು ಹಳೆಯ ಲೋಹವನ್ನೇ ನಂಬಬೇಕು. ಆ ಲೋಹವಾದರೋ ಮಿತವಾದದ್ದು.

ಎಷ್ಟು ಮಿತವೆಂಬುದನ್ನು ತಿಳಿಯಬೇಕಾದರೆ ಎಂಜಿನಿನ ಒಳಗೆ ಸ್ವಲ್ಪ ಇಣಿಕಿ ನೋಡಬೇಕು. ಜಾವಾದ್ದು ಎರಡು ಹೊಡೆತದ ಎಂಜಿನು. ಎರಕದ ಕಬ್ಬಿಣದ ಸಿಲಿಂಡರಿನಲ್ಲಿ ಅಲ್ಯೂಮಿನಿಯಮ್ಮಿನ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಸಿಲಿಂಡರಿನ ಒಳವ್ಯಾಸ ೬೫ ಮಿಲ್ಲಿಮೀಟರು. ಪಿಸ್ಟನ್ನು ಆಡುವ ಉದ್ದ ೭೫ ಮಿಲ್ಲಿಮೀಟರು. ಲೆಕ್ಕ ಹಾಕಿದರೆ ಸುಮಾರು ೨೪೯ ಘನ ಸೆಂಟಿಮೀಟರಾಗುತ್ತದೆ. ನಾಲ್ಕು ಹೊಡೆತದ ಎಂಜಿನಿನಲ್ಲಿ ಗಾಳಿ ಬರುವುದಕ್ಕೂ ಹೊಗೆ ಹೋಗುವುದಕ್ಕೂ ತೆರೆದು ಮುಚ್ಚುವ ಕವಾಟಗಳಿರುವುವು. ಇದರಲ್ಲಿ ಅಂಥವು ಯಾವುವೂ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಪಿಸ್ಟನ್ನೇ ತನ್ನ ಮೈಯಿಂದ ಅವುಗಳನ್ನು ಮುಚ್ಚುತ್ತದೆ, ತೆರೆಯುತ್ತದೆ.

ಇಲ್ಲಿಯೇ ಇರುವುದು ಇದರ ರಹಸ್ಯ. ಪಿಸ್ಟನ್ನಿನ ಕೆಳಗೆ, ಕ್ರ್ಯಾಂಕು ತಿರುಗುವ ಪೆಟ್ಟಿಗೆಯುಂಟು. ಸಾಮಾನ್ಯ ಎಂಜಿನುಗಳಲ್ಲಿ ಆ ಪೆಟ್ಟಿಗೆಯು ಎಣ್ಣೆ ತುಂಬಿದ ತೊಟ್ಟಿಯಷ್ಟೆ. ಎರಡು ಹೊಡೆತದ ಎಂಜಿನಿನಲ್ಲಿ ಅದೊಂದು ಪುಪ್ಪಸ. ಪಿಸ್ಟನ್ನು ಮೇಲಕ್ಕೆ ಏರುವಾಗ ಕೆಳಗಿನ ಪೆಟ್ಟಿಗೆಯಲ್ಲಿ ಒತ್ತಡ ಕಡಿಮೆಯಾಗಿ, ಕಾರ್ಬುರೇಟರಿನಿಂದ ಗಾಳಿಯೂ ಪೆಟ್ರೋಲಿನ ತುಂತುರೂ ಒಳಕ್ಕೆ ಎಳೆಯಲ್ಪಡುತ್ತವೆ. ಅದು ಇಳಿಯುವಾಗ ಈ ಮಿಶ್ರಣವು ಅಲ್ಲಿ ಒತ್ತಲ್ಪಟ್ಟು, ಪಕ್ಕದ ಕಾಲುವೆಗಳ ಮೂಲಕ ಮೇಲಿನ ಕೋಣೆಗೆ ನುಗ್ಗುತ್ತದೆ. ಎಂಜಿನಿಗೆ ಬೇಕಾದ ಜಾರೆಣ್ಣೆಯೂ ಪೆಟ್ರೋಲಿನಲ್ಲಿಯೇ ಬೆರೆತು ಬರುತ್ತದೆ. ಒಂದು ಲೀಟರಿಗೆ ನಲವತ್ತು ಮಿಲ್ಲಿಲೀಟರಿನಂತೆ, ಅಂದರೆ ಇಪ್ಪತ್ತೈದಕ್ಕೆ ಒಂದು ಪಾಲು, ತಂದೆಯವರು ಒಂದು ಹಿತ್ತಾಳೆಯ ಅಳತೆಯಲ್ಲಿ ಹಾಕುತ್ತಿದ್ದುದು ನನಗೆ ನೆನಪಿದೆ.

ಈ ಪೆಟ್ಟಿಗೆಯಿಂದ ಕ್ರ್ಯಾಂಕಿನ ಎರಡು ತುದಿಗಳು ಎರಡು ಪಕ್ಕಕ್ಕೆ ಹೊರಬರುತ್ತವೆ. ಜಾವಾದಲ್ಲಿ ಬಲತುದಿ ಡೈನಮೋವನ್ನು ತಿರುಗಿಸುತ್ತದೆ. ಎಡತುದಿ ಎಣ್ಣೆಯಲ್ಲಿ ಮುಳುಗಿರುವ ಸರಪಣಿಯ ಮೂಲಕ ಕ್ಲಚ್ಚನ್ನು ನಡೆಸುತ್ತದೆ. ತಿರುಗುವ ಅಚ್ಚು ಹೊರಬರಬೇಕು, ಗಾಳಿ ಮಾತ್ರ ಒಳಹೋಗಬಾರದು. ಇದನ್ನು ನೋಡಿಕೊಳ್ಳುವುದು ಎರಡು ರಬ್ಬರಿನ ಸೀಲುಗಳು. ಕೈಬಳೆಗಿಂತ ಚಿಕ್ಕವು, ಬೆಲೆಯೂ ಅಲ್ಪ. ಎಡಗಡೆಯ ಸೀಲು ಸವೆದರೆ ಸರಪಣಿಯ ಕಡೆಯ ಎಣ್ಣೆಯು ಒಳಕ್ಕೆ ಎಳೆಯಲ್ಪಟ್ಟು, ಎಷ್ಟು ಓಡಿದರೂ ನಿಲ್ಲದ ದಟ್ಟನೆಯ ಬಿಳಿಹೊಗೆ ಬರುತ್ತದೆ. ಬಲಗಡೆಯದು ಸವೆದರೆ ಹೊರಗಿನ ಗಾಳಿ ನುಗ್ಗುತ್ತದೆ. ಮೊದಲನೆಯದು ಎಲ್ಲರಿಗೂ ಕಾಣುವ ರೋಗ. ಎರಡನೆಯದು ಕಾಣದು, ಅಪಾಯವಿರುವುದು ಅದರಲ್ಲಿಯೇ. ಅನಾಹೂತವಾಗಿ ಬಂದ ಗಾಳಿಯು ಮಿಶ್ರಣವನ್ನು ತೆಳುವಾಗಿಸುತ್ತದೆ. ತೆಳುವಾದ ಮಿಶ್ರಣ ಹೆಚ್ಚು ಕಾವಿನಿಂದ ಉರಿಯುತ್ತದೆ. ಎಣ್ಣೆಯು ಪೆಟ್ರೋಲಿನಲ್ಲಿಯೇ ಬರುವುದರಿಂದ, ಕಾವು ಹೆಚ್ಚಿದ ಆ ಹೊತ್ತಿನಲ್ಲಿಯೇ ಎಣ್ಣೆಯ ಪಾಲೂ ಸಾಲದೆ ಹೋಗುತ್ತದೆ.

ಇದೆಲ್ಲವೂ ನನಗೆ ೨೦೧೯ರಲ್ಲಿ ತಿಳಿದಿರಲಿಲ್ಲ. ಆ ಬೇಸಗೆಯ ರಜೆಯಲ್ಲಿ ನಾನು ವಾಹನವನ್ನು ಕೊಟ್ಟಿಗೆಯಿಂದ ಹೊರಕ್ಕೆಳೆದೆನು. ಪಿಸ್ಟನ್ನು ಸಿಲಿಂಡರಿಗೆ ಹಿಡಿದುಕೊಂಡಿತ್ತು. ಪ್ಲಗ್ಗಿನ ರಂಧ್ರದಲ್ಲಿ ಸೀಮೆಎಣ್ಣೆಯನ್ನೂ ಎಂಜಿನ್ ಎಣ್ಣೆಯನ್ನೂ ಬೆರಸಿ ಹೊಯ್ದು, ಒಂದು ವಾರ ಬಿಟ್ಟು, ಹಿಂದಿನ ಗಾಲಿಯನ್ನು ಹಲ್ಲಿಗೆ ಹಾಕಿ ಮೆಲ್ಲನೆ ಹಿಂದಕ್ಕೂ ಮುಂದಕ್ಕೂ ಆಡಿಸಲಾಗಿ ಅದು ಸಡಿಲಿತು. ಈ ಸಣ್ಣ ವಿಜಯದಿಂದ ನನಗೆ ಬಂದ ಗರ್ವವು ಅಷ್ಟಿಷ್ಟಲ್ಲ. ಸಿಲಿಂಡರನ್ನು ಬಿಚ್ಚಿ ಒಂದು ಅಂಗಡಿಗೆ ಒಯ್ದೆನು.

ಸವೆದ ಸಿಲಿಂಡರನ್ನು ಸರಿಪಡಿಸುವ ವಿಧಾನವು ಬಹಳ ಸರಳ: ಒಳಗೋಡೆಯನ್ನು ಸ್ವಲ್ಪ ಕೊರೆದು ಅಗಲಮಾಡಿ, ಅಷ್ಟೇ ದೊಡ್ಡದಾದ ಪಿಸ್ಟನ್ನನ್ನು ಹಾಕುವುದು. ಒಂದೊಂದು ಸಲವೂ ಕಾಲು ಮಿಲ್ಲಿಮೀಟರು. ಹೊಸದರಲ್ಲಿ ೬೫.೦೦, ಆಮೇಲೆ ೬೫.೨೫, ೬೫.೫೦, ೬೫.೭೫, ೬೬.೦೦. ನನಗೆ ಅಂಗಡಿಗಳಲ್ಲಿ ಸಿಕ್ಕಿದ ಪಿಸ್ಟನ್ನುಗಳ ಅಳತೆ ಅಲ್ಲಿಗೆ ಮುಗಿಯಿತು. ಅದರ ಮೇಲೆ ಬೇಕಾದರೆ ಸಿಲಿಂಡರಿನೊಳಕ್ಕೆ ಹೊಸ ಕೊಳವೆಯನ್ನು ತೂರಿಸಬೇಕು. ಆಗ ಪಿಸ್ಟನ್ನು ಉಜ್ಜುವ ಗೋಡೆಯು ಮೊದಲಿನದಾಗಿರುವುದಿಲ್ಲ. ತಂದೆಯವರು ಇಪ್ಪತ್ತೇಳು ವರ್ಷಗಳ ಓಟದಲ್ಲಿ ಎರಡು ಮೆಟ್ಟಿಲುಗಳನ್ನು ಮಾತ್ರ ಖರ್ಚು ಮಾಡಿದ್ದರು. ನಾನು ಮೂರನೆಯದನ್ನು ಖರ್ಚು ಮಾಡಿದೆ. ಹೊಸ ಪಿಸ್ಟನ್ನು ಬಂದಿತು. ಕೆಂಗಂದು ಬಣ್ಣ ಬಂದಿತು. ಟ್ಯಾಂಕಿನ ಪಕ್ಕಗಳಿಗೆ ಕನ್ನಡಿಯಂಥ ಕ್ರೋಮಿಯಮ್ಮಿನ ಲೇಪ ಬಂದಿತು. ಹೊಂಬಣ್ಣದ ಗೆರೆಗಳನ್ನು ಎಳೆಸಿದ್ದಾಯಿತು. ಕ್ರ್ಯಾಂಕಿನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲಿಲ್ಲ. ಹೊರಗಿನಿಂದ ಅದು ಚೆನ್ನಾಗಿಯೇ ಕಾಣುತ್ತಿದ್ದಿತು.

ಮೊದಲನೆಯ ಪ್ರಯಾಣ ನಂಜನಗೂಡಿಗೆ ಎಂದು ಸಂಕಲ್ಪವಾಯಿತು. ಕಡಕೊಳ ಇನ್ನೂ ಬಂದಿರಲಿಲ್ಲ. ಎಂಜಿನಿನ ನಾದವು ಇದ್ದಕ್ಕಿದ್ದಂತೆ ಬಿಗಿಯಾಯಿತು. ಮರುಕ್ಷಣ ಹಿಂದಿನ ಗಾಲಿ ಸಿಕ್ಕಿಕೊಂಡು ಟಾರು ರಸ್ತೆಯ ಮೇಲೆ ಉದ್ದನೆಯ ಕಪ್ಪು ಗೆರೆಯನ್ನು ಎಳೆಯಿತು. ನಾನು ಕ್ಲಚ್ಚನ್ನು ಹಿಡಿದು ಬೀಳದೆ ಉಳಿದೆನು. ವಾಹನವನ್ನು ಸರಕುಗಾಡಿಯಲ್ಲಿ ಮನೆಗೆ ತಂದಾಗ ತಂದೆಯವರು ಏನೂ ಅನ್ನಲಿಲ್ಲ. ಸಿಲಿಂಡರನ್ನು ಬಿಚ್ಚಿದ ಮೇಲೆ ಗೋಡೆಯಲ್ಲಿದ್ದ ಗೀರುಗಳ ಮೇಲೆ ಉಗುರನ್ನಾಡಿಸಿ, “ಇನ್ನೊಂದೇ ಇದೆ” ಎಂದರು. ೬೬.೦೦ ಒಂದೇ ಉಳಿದಿದೆಯೆಂಬುದು ಆ ಮಾತಿನ ಅರ್ಥ.

ಆಮೇಲೆ ಮೂರು ವರ್ಷ ನಾನು ಅದನ್ನು ಮುಟ್ಟಲಿಲ್ಲ. ೨೦೨೨ರಲ್ಲಿ, ಯಾದವಗಿರಿಯ ಕಾರ್ಖಾನೆಯಲ್ಲಿ ಎಂಜಿನುಗಳನ್ನು ಜೋಡಿಸುತ್ತಿದ್ದ ಹಿರಿಯ ಕೆಲಸಗಾರರೊಬ್ಬರ ಪರಿಚಯವಾಯಿತು. ಅವರು ಮನೆಗೆ ಬಂದು, ಹೊಳೆಯುವ ಟ್ಯಾಂಕನ್ನು ಕಣ್ಣೆತ್ತಿಯೂ ನೋಡದೆ, ನಮ್ಮ ಮನೆಯಲ್ಲಿ ರಕ್ತದ ಒತ್ತಡವನ್ನು ಅಳೆಯುವ ಉಪಕರಣವಿದೆಯೇ ಎಂದು ಕೇಳಿದರು. ತಂದೆಯವರ ಔಷಧದ ಪೆಟ್ಟಿಗೆಯ ಪಕ್ಕದಲ್ಲಿ ಮುಳ್ಳಿನ ಮುಖವುಳ್ಳ ಹಳೆಯದೊಂದು ಇದ್ದಿತು. ಅದರಿಂದ ಅವರು ಮಾಡಿದ ಪರೀಕ್ಷೆಯನ್ನು ನಾನು ವಿವರವಾಗಿ ಹೇಳಬೇಕು. ಏಕೆಂದರೆ ಇದನ್ನು ಯಾರಾದರೂ ಮಾಡಬಹುದು, ಮತ್ತು ಮಾಡಿದ್ದರೆ ನನ್ನ ಒಂದು ಮೆಟ್ಟಿಲು ಉಳಿಯುತ್ತಿದ್ದಿತು.

ಎಂಜಿನಿನಿಂದ ಡೈನಮೋವನ್ನೂ ಎಡಗಡೆಯ ಸರಪಣಿಯ ಮುಚ್ಚಳವನ್ನೂ ಕ್ಲಚ್ಚನ್ನೂ ತೆಗೆದರು. ಸಿಲಿಂಡರನ್ನು ಹೊಸ ಕಾಗದದ ಪಟ್ಟಿಯಿಟ್ಟು ಕೂರಿಸಿದರು. ಹೊಗೆ ಹೋಗುವ ಎರಡು ಬಾಯಿಗಳನ್ನು ರಬ್ಬರಿನ ಬಿರಡೆಯಿಂದ ಮುಚ್ಚಿ, ಕಾರ್ಬುರೇಟರಿನ ಸ್ಥಾನದಲ್ಲಿ ರಂಧ್ರವುಳ್ಳ ಬಿರಡೆಯೊಂದನ್ನು ಬಿಗಿದು, ಅದಕ್ಕೆ ಉಪಕರಣದ ನಳಿಕೆಯನ್ನು ಸೇರಿಸಿದರು. ಪ್ಲಗ್ಗನ್ನು ಅದರ ಜಾಗದಲ್ಲಿ ಬಿಗಿದು, ಪಿಸ್ಟನ್ನನ್ನು ತೀರ ಮೇಲಕ್ಕೆ ಏರಿಸಿ, ಪೆಟ್ಟಿಗೆಯ ಕಡೆಗೆ ದಾರಿ ತೆರೆದಿರುವುದನ್ನು ಖಚಿತಮಾಡಿಕೊಂಡರು. ಬಳಿಕ ರಬ್ಬರಿನ ಉಂಡೆಯನ್ನು ಒತ್ತುತ್ತ ಮುಳ್ಳನ್ನು ೩೦೦ರವರೆಗೆ ಏರಿಸಲೆತ್ನಿಸಿದರು. ಅಷ್ಟು ಒತ್ತಡ ಎಂಜಿನಿಗೆ ಏನೇನೂ ಹೆಚ್ಚಲ್ಲ. ವಾಯುಮಂಡಲದ ಒತ್ತಡದ ಅರ್ಧಕ್ಕಿಂತ ಕಡಿಮೆ. ಗಾಳಿ ಸೋರದ ಎಂಜಿನಿನಲ್ಲಿ ಮುಳ್ಳು ನಿಮಿಷಗಟ್ಟಲೆ ನಿಲ್ಲಬೇಕು. ನಮ್ಮದರಲ್ಲಿ ಅದು ೮೦ನ್ನು ದಾಟಲೇ ಇಲ್ಲ. ಬಲಗಡೆಯ ಸೀಲಿನ ಸುತ್ತ ಸೋಪಿನ ನೀರನ್ನು ಕುಂಚದಿಂದ ಹಚ್ಚಿದರು. ಅಲ್ಲಿ ಗುಳ್ಳೆಗಳು ಎದ್ದುವು. ಎಡಗಡೆಯಲ್ಲಿಯೂ ಸಣ್ಣಗೆ ಎದ್ದುವು. ಐವತ್ತಾರು ವರ್ಷದ ರಬ್ಬರು ಮರದಂತೆ ಗಟ್ಟಿಯಾಗಿದ್ದಿತು. ನನ್ನ ಎಂಜಿನು ಕಡಕೊಳದ ದಾರಿಯುದ್ದಕ್ಕೂ ಅಲ್ಲಿಂದ ಉಸಿರೆಳೆದುಕೊಳ್ಳುತ್ತಿದ್ದಿತು.

ಸೀಲನ್ನು ಬದಲಿಸುವ ನೆಪದಲ್ಲಿ ಪೆಟ್ಟಿಗೆಯನ್ನು ಇಬ್ಭಾಗ ಮಾಡಿದ ಮೇಲೆ ಉಳಿದ ಸಂಗತಿಗಳೂ ಬೆಳಕಿಗೆ ಬಂದುವು. ಕ್ರ್ಯಾಂಕೆಂಬುದು ಒಂದೇ ತುಂಡಲ್ಲ. ಎರಡು ಭಾರವಾದ ಚಕ್ರಗಳು, ಅವುಗಳ ನಡುವೆ ಬಿಗಿಯಾಗಿ ಒತ್ತಿ ಕೂರಿಸಿದ ಉಕ್ಕಿನ ಗೂಟ, ಆ ಗೂಟದ ಮೇಲೆ ಉರುಳೆಗಳ ಬೇರಿಂಗು, ಅದನ್ನು ತಬ್ಬಿಕೊಂಡಿರುವ ಕನೆಕ್ಟಿಂಗ್ ರಾಡು. ರಾಡನ್ನು ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಸ್ವಲ್ಪ ಆಡಬಹುದು; ಅದು ದೋಷವಲ್ಲ. ಮೇಲಕ್ಕೂ ಕೆಳಕ್ಕೂ ಆಡಿದರೆ ಮಾತ್ರ ಬೇರಿಂಗು ಸವೆದಿದೆಯೆಂದು ತಿಳಿಯಬೇಕು. ನಮ್ಮದು ಆಡುತ್ತಿದ್ದಿತು, ಉರುಳೆಗಳ ಮೇಲೆ ತುಕ್ಕಿನ ಚುಕ್ಕೆಗಳಿದ್ದುವು. ಗೂಟವನ್ನು ಹೊರಹಾಕುವುದಕ್ಕೆ ಟನ್ನುಗಟ್ಟಲೆ ಒತ್ತುವ ಪ್ರೆಸ್ಸು ಬೇಕು. ಸುತ್ತಿಗೆಯಿಂದ ಬಡಿಯುವುದು ಪಾಪಕೃತ್ಯ. ಹೊಸ ಗೂಟವನ್ನು ಕೂರಿಸುವುದಾದರೂ ಅರ್ಧ ಕೆಲಸವಷ್ಟೆ. ಎರಡು ಚಕ್ರಗಳ ಅಚ್ಚುಗಳು ಒಂದೇ ಗೆರೆಯಲ್ಲಿ ನಿಂತಿವೆಯೇ ಎಂಬುದನ್ನು ಮುಳ್ಳಿನ ಅಳತೆಗೋಲಿನಿಂದ ನೋಡುತ್ತ, ತಾಮ್ರದ ಸುತ್ತಿಗೆಯಿಂದ ಚಕ್ರದ ಅಂಚನ್ನು ತಟ್ಟಿ ತಟ್ಟಿ ಸರಿಪಡಿಸಬೇಕು. ಓರೆಯು ಮಿಲ್ಲಿಮೀಟರಿನ ನೂರು ಪಾಲಿನಲ್ಲಿ ಎರಡು ಮೂರಕ್ಕೆ ಮೀರಬಾರದು. ಆ ಹಿರಿಯರು ಇದಕ್ಕಾಗಿ ಒಂದು ಅಪರಾಹ್ನವನ್ನೆಲ್ಲ ಕಳೆದರು. ನಡುವೆ ಕಾಫಿಗೂ ಏಳಲಿಲ್ಲ. ತಟ್ಟುವುದು ಎಲ್ಲಿ, ಎಷ್ಟು ಎಂದು ನಾನು ಕೇಳಿದ್ದಕ್ಕೆ ಅವರು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. ನಾನು ತಟ್ಟಿದ್ದನ್ನು ಸರಿಪಡಿಸಲು ಅವರಿಗೆ ಅರ್ಧ ಗಂಟೆ ಹಿಡಿಯಿತು.

ಹೊಸ ಬೇರಿಂಗುಗಳನ್ನು ಪೆಟ್ಟಿಗೆಯಲ್ಲಿ ಕೂರಿಸುವಾಗಲೂ ಬಡಿಯುವ ಅಗತ್ಯವಿಲ್ಲ. ಅಲ್ಯೂಮಿನಿಯಮ್ಮಿನ ಪೆಟ್ಟಿಗೆಯನ್ನು ನೀರಿನ ಹನಿ ಚುರ್ರೆನ್ನುವಷ್ಟು ಕಾಯಿಸಿ, ಬೇರಿಂಗನ್ನು ಹಿಂದಿನ ರಾತ್ರಿಯೇ ತಂಪುಪೆಟ್ಟಿಗೆಯಲ್ಲಿಟ್ಟಿದ್ದರೆ, ಅದು ತಾನಾಗಿಯೇ ಇಳಿದು ಕೂರುತ್ತದೆ. ನಮ್ಮ ಮನೆಯ ಅಡಿಗೆಯ ಒಲೆ ಈ ಕಾರ್ಯಕ್ಕೆ ಒದಗಿತು. ಗೃಹಿಣಿಯ ಅನುಮತಿಯನ್ನು ಮುಂಚಿತವಾಗಿ ಪಡೆಯತಕ್ಕದ್ದು.

ಇನ್ನು ಉಳಿದದ್ದು ಕೊನೆಯ ಮೆಟ್ಟಿಲು. ಪಿಸ್ಟನ್ನಿಗೂ ಗೋಡೆಗೂ ನಡುವೆ ಎಷ್ಟು ಎಡೆ ಬಿಡಬೇಕೆಂಬುದು ಲೋಹಗಳ ಸ್ವಭಾವದಿಂದ ನಿರ್ಣಯವಾಗುವ ವಿಷಯ. ೬೫ ಮಿಲ್ಲಿಮೀಟರಿನಷ್ಟು ಅಗಲದ ಅಲ್ಯೂಮಿನಿಯಮ್ಮು ನೂರು ಡಿಗ್ರಿ ಕಾದರೆ ಸುಮಾರು ೦.೧೪ ಮಿಲ್ಲಿಮೀಟರು ಹಿಗ್ಗುತ್ತದೆ. ಎರಕದ ಕಬ್ಬಿಣವು ಅದರ ಅರ್ಧದಷ್ಟು ಮಾತ್ರ. ಆದುದರಿಂದ ತಣ್ಣಗಿರುವಾಗ ಹಿತವಾಗಿ ಕೂತಂತೆ ತೋರುವ ಪಿಸ್ಟನ್ನು ಕಾದಾಗ ಸಿಕ್ಕಿಕೊಳ್ಳುತ್ತದೆ. ಹೆಚ್ಚು ಎಡೆ ಬಿಟ್ಟರೋ, ಅದು ಗಡಗಡನೆ ಬಡಿದುಕೊಂಡು ಬೇಗನೆ ಸವೆಯುತ್ತದೆ. ಈ ಬಾರಿ ನಾವು ಪಿಸ್ಟನ್ನನ್ನು ಮೊದಲು ಕೊಂಡು, ಅದನ್ನು ಮೈಕ್ರೋಮೀಟರಿನಿಂದ ಅಳೆದು, ಆ ಅಳತೆಯನ್ನು ಚೀಟಿಯಲ್ಲಿ ಬರೆದು, ಪಿಸ್ಟನ್ನಿನೊಡನೆ ಸಿಲಿಂಡರನ್ನು ಒಯ್ದೆವು. ಡಬ್ಬಿಯ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ನಂಬಿ ಕೊರೆಸುವುದು ಕೂಡದು. ಇನ್ನೊಂದು ವಿಷಯ: ಕೊರೆದ ಮೇಲೆ ಗೋಡೆಯಲ್ಲಿನ ಕಿಂಡಿಗಳ ಅಂಚು ಕತ್ತಿಯಂತೆ ಹರಿತವಾಗಿರುತ್ತದೆ. ಅದನ್ನು ಸಣ್ಣ ಅರದಿಂದ ಮೊಂಡು ಮಾಡದಿದ್ದರೆ ಪಿಸ್ಟನ್ನಿನ ಉಂಗುರಗಳು ತಗುಲಿ ಮುರಿಯುತ್ತವೆ. ನಾಲ್ಕು ಹೊಡೆತದ ಎಂಜಿನುಗಳನ್ನಷ್ಟೇ ಕಂಡಿರುವ ಅಂಗಡಿಗಳು ಇದನ್ನು ಮರೆಯುವುದು ಸಹಜ. ಮೊದಲನೆಯ ಸಲ ನನ್ನದು ಮರೆತಿದ್ದಿತು. ನಾನೂ ಕೇಳಲಿಲ್ಲ. ಉಂಗುರಗಳ ತುದಿಗಳು ಕಿಂಡಿಯ ಕಡೆಗೆ ಸರಿಯದಂತೆ ಪಿಸ್ಟನ್ನಿನ ತೋಡಿನಲ್ಲಿ ಚಿಕ್ಕ ಮೊಳೆಗಳಿವೆ. ತುದಿಗಳು ಅವುಗಳ ಎರಡು ಪಕ್ಕಕ್ಕೆ ಕೂತಿವೆಯೇ ಎಂದು ಕಣ್ಣಿನಿಂದಲ್ಲದೆ ಬೆರಳಿನಿಂದಲೂ ನೋಡಿಕೊಳ್ಳಬೇಕು.

೬೬ ಮಿಲ್ಲಿಮೀಟರಿನ ಲೆಕ್ಕದಂತೆ ನಮ್ಮ ಎಂಜಿನು ಈಗ ಸುಮಾರು ೨೫೭ ಘನ ಸೆಂಟಿಮೀಟರಿನದಾಗಿದೆ. ಇದರಿಂದ ಬಲ ಹೆಚ್ಚಿತೆಂದು ನಾನು ಹೇಳಲಾರೆ.

ವಿದ್ಯುತ್ತಿನ ಭಾಗದಲ್ಲಿ ವಿಶೇಷವೇನೂ ಇಲ್ಲ. ಕಿಡಿಯನ್ನು ಕೊಡಿಸುವ ಪಾಯಿಂಟುಗಳ ಎಡೆ ೦.೪ ಮಿಲ್ಲಿಮೀಟರು ಇದ್ದು, ತಂತಿಗಳು ಹೊಸವಾಗಿದ್ದರೆ ಸಾಕು. ಪೆಟ್ರೋಲಿನ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ೨೦೨೫ರ ಹೊತ್ತಿಗೆ ನಮ್ಮ ದೇಶದ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಸೇರಿರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು; ಹಳೆಯ ರಬ್ಬರನ್ನು ಉಬ್ಬಿಸುವಂಥದು. ತಿಂಗಳಿಗೊಮ್ಮೆ ಓಡುವ ವಾಹನದಲ್ಲಿ ಇದು ನಿಂತರೆ ಟ್ಯಾಂಕೂ ಬೇರಿಂಗುಗಳೂ ತುಕ್ಕು ಹಿಡಿಯುತ್ತವೆ. ಆದುದರಿಂದ ನಾವು ನಲ್ಲಿಯನ್ನು ಮುಚ್ಚಿ, ಕಾರ್ಬುರೇಟರು ಬರಿದಾಗಿ ಎಂಜಿನು ತಾನೇ ನಿಲ್ಲುವವರೆಗೆ ಬಿಡುತ್ತೇವೆ.

ಜೋಡಣೆ ಮುಗಿದ ದಿನ ಎಂಜಿನನ್ನು ಹೊತ್ತಿಸುವ ಮೊದಲು ರಕ್ತದೊತ್ತಡದ ಉಪಕರಣ ಮತ್ತೊಮ್ಮೆ ಬಂದಿತು. ಮುಳ್ಳು ೩೦೦ಕ್ಕೆ ಏರಿ ಅಲ್ಲಿಯೇ ನಿಂತಿತು. ಹಿರಿಯರು ಗಡಿಯಾರ ಹಿಡಿದು ಆರು ನಿಮಿಷ ನೋಡಿ, ನಳಿಕೆಯನ್ನು ಕಿತ್ತು, “ಇನ್ನು ಬಣ್ಣದ ಮಾತನಾಡಬಹುದು” ಎಂದರು. ಬಣ್ಣವು ಮೂರು ವರ್ಷಗಳಿಂದ ಹೊಳೆಯುತ್ತಲೇ ಇದ್ದಿತಾದ್ದರಿಂದ ನಾನು ಏನನ್ನೂ ಹೇಳಲಿಲ್ಲ.

ಜಾವಾದಲ್ಲಿ ಹಲ್ಲು ಬದಲಿಸುವ ಸನ್ನೆಯೂ ಎಂಜಿನನ್ನು ಒದೆಯುವ ಸನ್ನೆಯೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಒದೆಯುವ ಸನ್ನೆಯಾಗುತ್ತದೆ. ತಂದೆಯವರಿಗೆ ಆಗ ಎಂಬತ್ತು ದಾಟಿದ್ದಿತು. ಒದೆಯುವ ಶಕ್ತಿ ಇರಲಿಲ್ಲ. ಆದರೆ ಸನ್ನೆಯನ್ನು ತಿರುಗಿಸಿಕೊಟ್ಟವರು ಅವರೇ. ನಾಲ್ಕನೆಯ ಒದೆತಕ್ಕೆ ಎಂಜಿನು ಹೊತ್ತಿತು. ಹೊಸ ಪಿಸ್ಟನ್ನು ಹೊಂದಿಕೊಳ್ಳುವವರೆಗೆ ಎಣ್ಣೆಯನ್ನು ಇಪ್ಪತ್ತಕ್ಕೊಂದು ಪಾಲು ಹಾಕಿದ್ದೆವಾದ್ದರಿಂದ ಹಿತ್ತಲೆಲ್ಲ ನೀಲಿಹೊಗೆ ಕವಿಯಿತು. ಹೊಗೆ ತಿಳಿಯಾದ ಮೇಲೆ ತಂದೆಯವರು ಹಿಂದಕ್ಕೆ ಹೋಗಿ ಬಾಗಿ, ಎರಡು ಹೊಗೆಕೊಳವೆಗಳ ತುದಿಗೆ ಎರಡು ಅಂಗೈಗಳನ್ನು ಒಡ್ಡಿ ನಿಂತರು. ಅವರು ಹಾಗೆ ಮಾಡುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಎಷ್ಟೋ ಮುಂಜಾನೆ ಕಂಡಿದ್ದೆನಾದರೂ ಅದರ ಉದ್ದೇಶವನ್ನು ಕೇಳಿರಲಿಲ್ಲ. “ಎಡಗಡೆಯದು ಕೊಂಚ ಮೆಲ್ಲಗಿದೆ” ಎಂದರು. ಪರೀಕ್ಷಿಸಿದಾಗ, ಎಡಗೊಳವೆಯು ಸಿಲಿಂಡರನ್ನು ಸೇರುವ ಕಡೆ ತಾಮ್ರದ ಉಂಗುರವು ಸರಿಯಾಗಿ ಕೂತಿರಲಿಲ್ಲ. ಅದನ್ನು ತೆಗೆದು, ಕೆಂಪಗೆ ಕಾಯಿಸಿ, ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಮತ್ತೆ ಹಾಕಿದೆವು.